ಚಪ್ಪಲಿ ಅಂಗಡಿಯ ಮುಂದೆ ನಿಂತವನು

"ಸುಳ್ಳು! ಇವರು ಸುಳ್ಳು ಹೇಳ್ತಿದ್ದಾರೆ, ಡಾಕ್ಟ್ರೇ!"

ವಾರ್ಡಿನ ಬಾಗಿಲಲ್ಲಿ ನಿಂತಿದ್ದ ಅವಳ ಬಾಯಿಂದ ಮಾತು ಜಾರಿಬಿಟ್ಟಿತು. ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹಾಕುವ ಅವಳು ನಾಲ್ಕು ಜನರ ಮುಂದೆ ಇಷ್ಟು ಜೋರಾಗಿ ಎಂದೂ ಮಾತಾಡಿದವಳಲ್ಲ.

ಮಂಚದ ಮೇಲಿದ್ದ, ಅದೇ ಕಾರ್ಖಾನೆಯ ಕಟಿಂಗ್ ಮಾಸ್ತರ ಕಣ್ಣು ಮುಚ್ಚಿಕೊಂಡ. ಬೆಳಿಗ್ಗೆ ಬಟ್ಟೆ ಕತ್ತರಿಸುತ್ತಲೇ ಹೃದಯಾಘಾತವಾಗಿ ಮೇಜಿನ ಮೇಲೆ ಕುಸಿದಿದ್ದವನು. "ಮೊದಲು ಎಂದಾದರೂ ಎದೆನೋವು ಬಂದಿತ್ತಾ?" ಎಂದು ಡಾಕ್ಟರು ಕೇಳಿದಾಗ, ಬಾಗಿಲಲ್ಲಿದ್ದ ಅವಳನ್ನು ನೋಡುತ್ತಲೇ "ಇಲ್ಲ" ಎಂದಿದ್ದ.

"ಕಾಜಾ ಹಾಕೋಳಿಗೆ ಇಲ್ಲೇನಮ್ಮ ಕೆಲಸ? ನನ್ನ ತಮ್ಮ ಕಲ್ಲುಗುಂಡಿನ ಹಾಗಿದ್ದ!" ಅವನ ಅಕ್ಕ ಸಿಡುಕಿದಳು.

"ನೀವು ಹೇಳಿ ಅಮ್ಮ," ಎಂದರು ಡಾಕ್ಟರು ಬಾಗಿಲಿನ ಕಡೆ ತಿರುಗಿ.

ಹೇಗೆ ಹೇಳುವುದು...

ಮದುವೆಯ ಮಾತಾಡಿಕೊಂಡವರು ಅವರು. ಸಂಜೆ ಕೆಲಸ ಬಿಟ್ಟ ಮೇಲೆ ಜೊತೆಯಲ್ಲೇ ಏರುರಸ್ತೆ ಹತ್ತುತ್ತಿದ್ದರು. ಕಳೆದ ತಿಂಗಳಿಂದ ಅವನು ಅರ್ಧ ದಾರಿಯಲ್ಲಿ, ಚಪ್ಪಲಿ ಅಂಗಡಿಯ ಗಾಜಿನ ಕಡೆ ಮುಖ ಮಾಡಿ ನಿಂತುಬಿಡುತ್ತಿದ್ದ.

"ನೀನು ಮುಂದೆ ಹೋಗು," ಎನ್ನುತ್ತಿದ್ದ.

ಏರಿನ ತುದಿಯಲ್ಲೇ ಅವನ ಅಕ್ಕನ ಮನೆ. ಓದು ಬಿಟ್ಟವಳು ನಾನು... ಜೊತೆಗೆ ಕಾಣಿಸಿಕೊಳ್ಳೋಕೂ ನಾಚಿಕೆ ಇವರಿಗೆ, ಎಂದುಕೊಂಡಿದ್ದಳು.

ಹತ್ತನೆಯ ದಿನ ಅವಳೇ "ಇನ್ನು ನನ್ನ ಜೊತೆ ಬರಬೇಡಿ" ಎಂದಿದ್ದಳು. ಅವನು ಯಾಕೆ ಎಂದೂ ಕೇಳಿರಲಿಲ್ಲ.

"ಏರು ಹತ್ತುವಾಗ ನಿಲ್ತಾರೆ," ಎಂದಳು ನೆಲ ನೋಡುತ್ತ. "ಎಡಗೈ ಹಿಸುಕಿಕೊಳ್ತಾರೆ. ಐದು ನಿಮಿಷ ಬಿಟ್ಟು ನಡೀತಾರೆ. ನಿನ್ನೆ ಎರಡು ಸಲ ನಿಂತ್ರು."

ಅವನು ಕಣ್ಣು ಬಿಟ್ಟ. "ನಿನ್ನೆನಾ? ನೀನೆಲ್ಲಿದ್ದೆ?"

"ಹಿಂದೆ... ದಿನಾ ಹಿಂದೇನೇ ಇದ್ದೆ. ಅದು ನೋವು ಅಂತ ಇವತ್ತೇ ಗೊತ್ತಾಗಿದ್ದು."

ಡಾಕ್ಟರು ಬರೆದುಕೊಂಡರು.

"ಆಘಾತಕ್ಕೆ ಒಂದೆರಡು ದಿನ ಮೊದಲು ಹೀಗೆ ನೋವು ಬಂದುಹೋಗಿದ್ರೆ, ಕೆಲವರ ಹೃದಯ ಪೆಟ್ಟನ್ನ ಸ್ವಲ್ಪ ತಾಳಿಕೊಳ್ಳುತ್ತೆ. ಚೇತರಿಕೆಗೂ ಅದು ಸಹಾಯ ಆಗಬಹುದು, ಖಾತ್ರಿ ಇಲ್ಲ. ಆದ್ರೆ ಆಗಲೇ ನಮ್ಮ ಹತ್ರ ಬಂದಿದ್ರೆ ಈ ಪೆಟ್ಟೇ ತಪ್ತಿತ್ತೇನೋ. ಹೃದಯದ ಸ್ವಲ್ಪ ಭಾಗ ಸತ್ತಿದೆ ಮಾಸ್ತರೇ. ಅದು ವಾಪಸ್ ಬರಲ್ಲ."

ಅಕ್ಕ ಔಷಧಿ ತರಲು ಹೋದಳು. ಇಬ್ಬರೇ ಉಳಿದರು.

"ಯಾಕೆ ಮುಚ್ಚಿಟ್ರಿ?"

"ಎದೆ ಕೆಟ್ಟವನನ್ನ ಯಾರು ಮದುವೆ ಆಗ್ತಾರೆ? ನೀನೇ ಬಿಟ್ಟು ಹೋದಾಗ, ಒಳ್ಳೇದೇ ಆಯ್ತು ಅಂದ್ಕೊಂಡೆ..."

"ಒಳ್ಳೇದಾ! ನಾನೇ ನಿಮಗೆ ಸಾಲದವಳು ಅಂತ ಇಪ್ಪತ್ತು ದಿನ ಅತ್ತಿದೀನಿ. ಅದನ್ನ ನಾನು ಕ್ಷಮಿಸಲ್ಲ."

"ಹಾಗಾದ್ರೆ... ಹೋಗ್ತೀಯಾ?"

ಅವಳು ಸ್ಟೂಲು ಎಳೆದು ಕುಳಿತಳು. ಮುಖದಲ್ಲಿ ನಗುವಿರಲಿಲ್ಲ.

"ಅಷ್ಟು ಹೊತ್ತು ಆ ಗಾಜಿನಲ್ಲಿ ಏನು ನೋಡ್ತಿದ್ರಿ?"

"ಚಪ್ಪಲಿ. ಒಂದು ಜೊತೆನೂ ಚೆನ್ನಾಗಿಲ್ಲ."

"ಗೊತ್ತು. ನೀವು ಹೋದ ಮೇಲೆ ನಾನೂ ನಿಂತು ನೋಡ್ತಿದ್ದೆ." ಅವನ ಎಡಗೈಯನ್ನು ಮೆಲ್ಲಗೆ ಹಿಡಿದಳು. "ಇನ್ನು ನೋವು ಬಂದ್ರೆ?"

"ಹೇಳ್ತೀನಿ."

"ಮುಂದೆ ಹೋಗು ಅಂತೀರಾ?"

"ಇಲ್ಲ... ನನ್ನ ಜೊತೆ ನಿಲ್ಲು ಅಂತೀನಿ."