ಏನ್ ಅಂದ್ರೆ ಯಾಕೆ

ಬಿ.ಪಿ. ಮೆಷಿನ್ನಿನ ಪಟ್ಟಿ ತವಮಣಿ ಅಜ್ಜಿಯ ಒಣಗಿದ ತೋಳನ್ನು ಬಿಗಿಯಿತು, ಗುಂಯ್ ಅಂತು, ಬಿಟ್ಟಿತು. ನಂಬರ್ ನೋಡಿ ಅಮ್ಮ ಹಣೆ ಚಚ್ಚಿಕೊಂಡಳು.

“ಅಯ್ಯೋ ಶಿವನೇ! ಹೋದ ಸಲಕ್ಕಿಂತ ಜಾಸ್ತಿ. ಹಿಂಗೇ ಆದ್ರೆ ಲಕ್ವ ಹೊಡ್ದುಬುಡ್ತದೆ ಕಣೇ ಸಹನಾ!”

ಆಮೇಲೆ ಅಜ್ಜಿಯ ಕಡೆ ತಿರುಗಿ ತಮಿಳಿನಲ್ಲಿ ಗದರಿದಳು. ಕೊಟ್ಟ ಮಾತ್ರೆಯ ಶೀಟು ಗೂಡಿನಲ್ಲಿ ಹಾಗೇ ಬಿದ್ದಿತ್ತು.

ಸಹನಾಳ ಅಮ್ಮ ಮಂಗಳಾ ಮನೆಮನೆಗೆ ಹೋಗಿ ಬಿ.ಪಿ. ನೋಡಿ ಸರ್ಕಾರದ ಮಾತ್ರೆ ಕೊಡುತ್ತಾಳೆ. ಇವತ್ತು ಶನಿವಾರ, ಸ್ಕೂಲಿಗೆ ರಜೆ, ಸಹನಾಳೂ ಬಂದಿದ್ದಾಳೆ. ತಮಿಳುನಾಡಿನ ಸೂಳಗಿರಿಯ ಆಚೆ ಇರುವ ಈ ಸಾಲುಮನೆಗಳಿಗೆ ಎಲ್ಲರೂ ಕ್ಯಾಂಪು ಅನ್ನುತ್ತಾರೆ. ಲಂಕೆಯಲ್ಲಿ ಯುದ್ಧವಾದಾಗ ದೋಣಿ ಹತ್ತಿ ಓಡಿಬಂದವರು ಇಲ್ಲಿದ್ದಾರೆ. ಯುದ್ಧ ಮುಗಿದು ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಇನ್ನೂ ಕ್ಯಾಂಪೇ.

ತವಮಣಿ ಅಜ್ಜಿ ಗೋಡೆಗೊರಗಿ ಕೂತಿದ್ದರು. ಮಗ ಪೇಂಟಿಂಗ್ ಕೆಲಸಕ್ಕೆಂದು ಸೇಲಂ ಸೇರಿದ್ದ. ಮನೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ. ಒಲೆ ತಣ್ಣಗಿತ್ತು.

“ಸುಗಮಿಲ್ಲೈ ಪಿಳ್ಳೆ,” ಎಂದರು ಅಜ್ಜಿ. ಮೈ ಹುಷಾರಿಲ್ಲ ಮಗು ಅಂತ. ಅಷ್ಟು ತಮಿಳು ಸಹನಾಳಿಗೂ ಗೊತ್ತಿತ್ತು. ಪಾಪ ಅನ್ನಿಸಿತು. ಏನಾಗಿದೆ ಅಂತ ಕೇಳಬೇಕು, ಅದೂ ತಮಿಳಿನಲ್ಲೇ ಕೇಳಬೇಕು! ಅವಳು ಧೈರ್ಯ ಮಾಡಿದಳು.

“ಏನ್ ಸುಗಮಿಲ್ಲೈ, ಪಾಟ್ಟಿ?”

ಅಜ್ಜಿ ತಟ್ಟನೆ ತಲೆ ಎತ್ತಿದರು. ಕಣ್ಣು ತುಂಬಿಕೊಂಡಿತು. ಆಮೇಲೆ ನೋಡಿ, ಮಾತೇ ಮಾತು! ಅಲ್ಲಿವರೆಗೆ ಹೂಂ, ಊಹೂಂ ಅನ್ನುತ್ತಿದ್ದವರು ಇವರೇನಾ ಅನ್ನೋ ಹಾಗೆ.

ಪಟ್ಟಿ ಸುತ್ತುತ್ತಿದ್ದ ಅಮ್ಮನ ಕೈ ನಿಂತಿತು.

“ನಾನೇನು ತಪ್ಪು ಕೇಳ್ದೆ?” ಸಹನಾ ಗಾಬರಿಯಾದಳು.

“ಲೇ ಪೆದ್ದಿ, ತಮಿಳಲ್ಲಿ ಏನ್ ಅಂದ್ರೆ ಯಾಕೆ ಅಂತ! ಏನು ಅನ್ನೋಕೆ ‘ಎನ್ನ’ ಅನ್ಬೇಕು. ನೀನು ಯಾಕೆ ಹುಷಾರಿಲ್ಲ ಅಂತ ಕೇಳ್ಬುಟ್ಟೆ.”

“ಅದಕ್ಕೆ ಅಳ್ತಾವ್ರಾ?”

“ಎಲ್ಲಾರೂ ಏನು ನೋವು, ಎಲ್ಲಿ ನೋವು ಅಂತಾರಂತೆ. ಯಾಕೆ ಅಂತ ಯಾರೂ ಕೇಳ್ನಿಲ್ವಂತೆ.” ಅಮ್ಮನ ದನಿ ಮೆತ್ತಗಾಯಿತು. “ಅವರ ಊರಲ್ಲಿ ಬೇಲಿಗೊಂದು ಸಂದು ಬಿಡ್ತಿದ್ರಂತೆ, ಪಕ್ಕದ ಮನೆಯೋರು ನುಸುಳಿ ಬರೋಕೆ. ಒಬ್ಬರೇ ಉಂಡಿದ್ದೇ ಇಲ್ವಂತೆ. ಇಲ್ಲಿ ಒಬ್ಬಳಿಗೇಂತ ಒಲೆ ಹಚ್ಚೋಕೆ ಮನಸ್ಸೇ ಬರಲ್ವಂತೆ. ಮಾತ್ರೆ ಊಟ ಆದ್ಮೇಲೆ ತಾನೇ? ಊಟಾನೇ ಇಲ್ಲ. ನಾನು ಮೊಂಡು ಮುದುಕಿ ಅಂದ್ಕೊಂಡಿದ್ದೆ.”

ಸಹನಾಳ ಬ್ಯಾಗಿನಲ್ಲಿ ಚಿತ್ರಾನ್ನದ ಡಬ್ಬಿ ಇತ್ತು. ಮುಚ್ಚಳಕ್ಕೆ ಅರ್ಧ ಹಾಕಿ ಅಜ್ಜಿಯ ಮುಂದಿಟ್ಟಳು. ಅಜ್ಜಿ ಕೈ ಹಾಕಲಿಲ್ಲ, ಅವಳ ಮುಖವನ್ನೇ ನೋಡಿದರು. ಸಹನಾ ಒಂದು ತುತ್ತು ಬಾಯಿಗಿಟ್ಟಳು. ಆಗ ಅಜ್ಜಿಯೂ ತಿಂದರು. ಮಾತ್ರೆಯನ್ನೂ ನುಂಗಿದರು.

ಸೋಮವಾರ ಬೆಳಿಗ್ಗೆ ಯೂನಿಫಾರ್ಮ್ ಹಾಕುವಾಗಲೇ ಸಹನಾಳಿಗೆ ಹೊಟ್ಟೆ ನುಲಿಯಿತು. ಹೋದ ವರ್ಷದವರೆಗೂ ಅವಳು ಮಾಲೂರಿನ ಅಜ್ಜಿ ಮನೆಯಲ್ಲಿದ್ದು ಕನ್ನಡ ಸ್ಕೂಲಿಗೆ ಹೋಗುತ್ತಿದ್ದವಳು. ಇಲ್ಲಿನ ಸ್ಕೂಲಿನಲ್ಲಿ ಲಂಚ್ ಬೆಲ್ ಹೊಡೆದರೆ ಹುಡುಗಿಯರು ದುಂಡಗೆ ಕೂತು ಪಟಪಟ ತಮಿಳಿನಲ್ಲಿ ನಗುತ್ತಾರೆ. ಸಹನಾ ನಲ್ಲಿ ಹತ್ತಿರ ಕೂತು ಡಬ್ಬಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲ ಅಂದಿದ್ದರು.

“ಮತ್ತೆ ಶುರುವಾಯ್ತಾ?” ಅಮ್ಮ ಓಂಕಾಳಿನ ನೀರು ತಂದಳು. “ಏನ್ ಸಹನಾ ಇದು, ಏನ್?”

ಅಮ್ಮ ಕೇಳಿದ್ದು ಕನ್ನಡದ ಏನ್. ಸಹನಾಳಿಗೆ ತವಮಣಿ ಅಜ್ಜಿಯ ತಣ್ಣಗಿನ ಒಲೆ ಕಣ್ಣಮುಂದೆ ಬಂತು. ಅವಳು ತಮಿಳಿನ ಏನ್‌ಗೆ ಉತ್ತರ ಕೊಟ್ಟಳು.

“ಅಲ್ಲಿ ಒಬ್ಳೇ ಉಣ್ತೀನಮ್ಮ. ಅದಕ್ಕೇ.”

ಅಮ್ಮ ಲೋಟವನ್ನು ಕೆಳಗಿಟ್ಟು ಅವಳ ಪಕ್ಕ ಕೂತಳು.