ವೆಸ್ಟ್ ಆರೆಂಜಿನ ಮರಿಯಾ

"ಮರಿಯಾನ್ನ ನೋಡಲಾರದ ಎರಡು ವಾರ ಆತು ನೋಡಪಾ. ಭಾಳ ನೆನಪಾಗ್ತಾಳ."

ಕಾರಿನ ಬಾಗಿಲಿಗೆ ಕೈ ಹಾಕಿದ್ದ ಕ್ಷಮಾ ಹಾಗೇ ನಿಂತಳು. ಒಳಗೆ ವಿಶ್ರುತ್ ಯಾರೋ ಗೆಳೆಯನೊಂದಿಗೆ ಫೋನಿನಲ್ಲಿದ್ದ. ಕಿಟಕಿಯ ಗಾಜು ಅರ್ಧ ಇಳಿದಿತ್ತು. ಅವನ ನಗು ಮಾತ್ರ ಪೂರ್ತಿ ಅರಳಿತ್ತು.

"ಬಣ್ಣ ಕಪ್ಪು, ಖರೆ. ಆದರ ಏನ್ ಠೀವಿ ಅಂತಿ! ಬಿಸಲು ಎತ್ತಾಗ ಹೋಗ್ತದೋ ಅತ್ತಾಗ ತಿರಗ್ತಿದ್ಲಂತ. ಶನಿವಾರ ಹೊಂಟೇನಿ ಆಕಿ ಕಡೆ."

ಕ್ಷಮಾ ಬಾಗಿಲು ತೆಗೆದು ಕೂತು, ದಡಾರನೆ ಹಾಕಿಕೊಂಡಳು. ವಿಶ್ರುತ್ ಫೋನು ಮಡಚಿದ.

"ಗುಡ್ ಮಾರ್ನಿಂಗ್ ರೀ, ಕ್ಷಮಾ ಅವರ."

ಅವಳಿಗೆ ಉರಿದುಹೋಯಿತು. ಆ ಮರಿಯಾ ಎಂಬುವಳು 'ಆಕಿ'. ತಾನು ಇನ್ನೂ 'ರೀ'. ತಾನು 'ಅವರು'!

ಲೆಕ್ಕಕ್ಕೆ ಇಬ್ಬರೂ ಬರೀ ಸಹೋದ್ಯೋಗಿಗಳು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಲೋಕವೇ ಹೆದರಿ ಕೂತಿದ್ದ ಕಾಲ ಅದು. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿ ತಿದ್ದುವುದಕ್ಕೆಂದೇ ಮೈಸೂರಿನಿಂದ ಅವಳು, ಧಾರವಾಡದಿಂದ ಅವನು ನ್ಯೂ ಜೆರ್ಸಿಗೆ ಬಂದಿದ್ದರು. ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಅಕ್ಕಪಕ್ಕದ ಅಪಾರ್ಟ್‌ಮೆಂಟು, ಅವನ ಹಳೇ ಕಾರಿನಲ್ಲಿ ಆಫೀಸಿಗೆ ಒಟ್ಟಿಗೆ ಓಡಾಟ. ಅವಳ ಡಬ್ಬಿಯ ಬಿಸಿಬೇಳೆಬಾತಿನಲ್ಲಿ ಅರ್ಧ ಅವನ ಹೊಟ್ಟೆಗೆ ಹೋಗುತ್ತಿತ್ತು. ಅಷ್ಟೇ.

ಅಷ್ಟೇ ಎಂದರೆ ಅಷ್ಟೇ ಅಲ್ಲ. ದಿನಾ ಒಂದು ತಿರುವಿನಲ್ಲಿ ಎಳೆಬಿಸಿಲು ನೇರವಾಗಿ ಅವಳ ಕಣ್ಣಿಗೆ ಬೀಳುತ್ತಿತ್ತು. ಅವಳು ಕಣ್ಣು ಕಿರಿದು ಮಾಡುವ ಮೊದಲೇ ವಿಶ್ರುತ್ ಮಾತು ನಿಲ್ಲಿಸದೆ ಕೈಚಾಚಿ, ಅವಳ ಎದುರಿನ ಬಿಸಿಲುಮರೆಯನ್ನು ಇಳಿಸುತ್ತಿದ್ದ. ಆ ಒಂದು ಕೈಚಾಚಿನ ನಂಬಿಕೆಯ ಮೇಲೆ ಕ್ಷಮಾ ಮೂರು ಗಂಡುಗಳನ್ನು ನೋಡದೆಯೇ ಬೇಡವೆಂದಿದ್ದಳು. ನಾಲ್ಕನೆಯವನು ಫೋರ್ಟ್ ಲೀಯ ಸಾಗರ್. ಭಾನುವಾರ ನೋಡಲು ಬರುತ್ತಾನೆ, ಈ ಸಲ ಹೌದೋ ಅಲ್ಲವೋ ಹೇಳಿಬಿಡಬೇಕು ಎಂದು ಅಮ್ಮ ಫೋನಿನಲ್ಲಿ ಅತ್ತಿದ್ದರು.

ಆ ತಿರುವು ಬಂತು. ಅವನ ಕೈ ಚಾಚಿತು.

"ಬೇಡ. ನನ್ನ ಬಿಸಿಲು ನಾನು ನೋಡ್ಕೋತೀನಿ."

ವಿಶ್ರುತ್ ಕೈ ಹಿಂದಕ್ಕೆ ತೆಗೆದುಕೊಂಡ. "ಯಾಕ್ರೀ, ಏನಾತು?"

"ಏನಿಲ್ಲ. ಭಾನುವಾರ ನನ್ನನ್ನ ನೋಡೋಕೆ ಫೋರ್ಟ್ ಲೀಯಿಂದ ಹುಡುಗ ಬರ್ತಿದ್ದಾರೆ."

ಹೆದ್ದಾರಿಯಿಂದ ಇವರು ಇಳಿಯಬೇಕಿದ್ದ ಎಗ್ಸಿಟ್ ಹಿಂದೆ ಹೋಯಿತು. ಅವನು ನೋಡಲೇ ಇಲ್ಲ.

"ಛಲೋ ಆತಲ್ಲ. ಏನ್ ಮಾಡ್ತಾರ ಅವರು?"

"ಮ್ಯಾನ್‌ಹ್ಯಾಟನ್‌ನಲ್ಲಿ ಬ್ಯಾಂಕಲ್ಲಿದ್ದಾರೆ. ಆರಡಿ ಎತ್ತರವಂತೆ."

"ಎತ್ತರ ಯಾರ್ ಕೇಳಿದ್ರೀ?"

"ನಿಮ್ಮ ಮರಿಯಾ ಎಷ್ಟು ಎತ್ತರ?" ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಕೇಳಬೇಕೆಂದಿದ್ದಳು. ಬಾಯಿಂದ ಬಂದದ್ದು ಚೂರಿ.

ವಿಶ್ರುತ್ ಬೆಪ್ಪಾಗಿ ಅವಳನ್ನು ನೋಡಿದ. ಮುಖದ ಮೋಡ ಅರ್ಧ ಸರಿಯಿತು, ಮೀಸೆಯ ತುದಿ ಕುಣಿಯಿತು.

"ಶನಿವಾರ ಬರ್ರಿ. ಭೆಟ್ಟಿ ಮಾಡಸ್ತೇನಿ. ನೀವs ಅಳದು ನೋಡ್ರಿ."

ಶನಿವಾರ ಕ್ಷಮಾ ನವಿಲುಬಣ್ಣದ ಚೂಡಿದಾರ ತೊಟ್ಟಳು. ಕಾಡಿಗೆಯನ್ನು ಎರಡು ಸಲ ಅಳಿಸಿ ಮೂರನೆಯ ಸಲ ತೀಡಿದಳು. ಸೋಲುವುದೇ ಆದರೆ ಚೆನ್ನಾಗಿ ಕಾಣುತ್ತಾ ಸೋಲಬೇಕಲ್ಲ!

ಕಾರು ನಿಂತದ್ದು ವೆಸ್ಟ್ ಆರೆಂಜಿನಲ್ಲಿ, ಎಡಿಸನ್ನನ ಹಳೆಯ ಪ್ರಯೋಗಶಾಲೆಯ ಮುಂದೆ. ಈಗ ಅದು ಮ್ಯೂಸಿಯಂ. ವಿಶ್ರುತ್ ಬಿಡುವಿದ್ದ ಶನಿವಾರಗಳಲ್ಲಿ ಇಲ್ಲಿ ಬಂದವರಿಗೆ ಎಲ್ಲ ತೋರಿಸುವ ವಾಲಂಟಿಯರ್ ಎಂಬುದು ಅವಳಿಗೆ ಗೊತ್ತಾದದ್ದೇ ಈಗ. ಬಾಗಿಲಲ್ಲಿದ್ದ ಬೆಳ್ಳಿಗೂದಲಿನ ಮಾರ್ಗರೆಟ್ ಎಂಬ ಅಜ್ಜಿ ಅವನನ್ನು ಕಂಡು, "ಶೀ ಹ್ಯಾಸ್ ಮಿಸ್ಡ್ ಯೂ!" ಎಂದು ನಕ್ಕಳು. ಊರಿಗೆಲ್ಲ ಗೊತ್ತಿರುವ ಸಂಗತಿ, ತನಗೊಬ್ಬಳಿಗೇ ಗೊತ್ತಿಲ್ಲ ಎಂದುಕೊಳ್ಳುತ್ತ ಕ್ಷಮಾ ದುಪಟ್ಟಾ ಸರಿಮಾಡಿಕೊಂಡು ಒಳನಡೆದಳು.

ಅಂಗಳದಲ್ಲಿ ವಿಶ್ರುತ್ ನಿಂತು ಕೈ ತೋರಿದ. "ಇಕಿನs ಮರಿಯಾ."

ಎದುರಿಗಿದ್ದದ್ದು ಒಂದು ಶೆಡ್ಡು. ಮೈಯೆಲ್ಲ ಟಾರಿನ ಕಾಗದ ಹೊದ್ದ, ಗೂನುಬೆನ್ನಿನ, ಕರ್ರಗಿನ ಶೆಡ್ಡು.

"ಚಲಿಸೋ ಚಿತ್ರ ತೆಗೀಲಿಕ್ಕೆ ಅಂತನs ಕಟ್ಟಿದ ಮೊದಮೊದಲಿನ ಮನಿ ಇದು. ಹದಿನೆಂಟನೂರಾ ತೊಂಬತ್ಮೂರು. ಇದು ಅದರ ನಕಲು. ಆವಾಗ ಚಿತ್ರ ತೆಗೀಲಿಕ್ಕೆ ಬಿಸಲs ಬೇಕಿತ್ತು. ಅದಕ್ಕ ಛಾವಣಿ ತಗೀತಿದ್ರು. ಸೂರ್ಯ ಸರದ್ರ ಇಡೀ ಮನೀನs ದುಂಡನ್ನ ಹಳಿ ಮ್ಯಾಲೆ ತಿರಗಸ್ತಿದ್ರು. ಕೈದಿಗಳನ್ನ ಒಯ್ಯೋ ಪೊಲೀಸ್ ಗಾಡಿಗೆ ಬ್ಲ್ಯಾಕ್ ಮರಿಯಾ ಅಂತಿದ್ರು. ಇದೂ ಹಂಗs ಕರ್ರಗ, ಇಕ್ಕಟ್ಟು. ಕೆಲಸದವರು ಅದs ಹೆಸರು ಇಟ್ರು."

"ಶೆಡ್ಡಿಗೆ ಯಾರಾದ್ರೂ 'ಆಕಿ' ಅಂತಾರಾ?"

"ಮಾರ್ಗರೆಟ್ ಅಜ್ಜಿ 'ಶೀ' ಅಂತಾಳ, ಹಡಗಕ್ಕ ಅಂದಂಗ. ನನಗೂ ಅದs ಚಾಳಿ ಬಿತ್ತು."

"ಅವರು ಇಂಗ್ಲಿಷಲ್ಲಿ ಏನಾದ್ರೂ ಅಂದ್ಕೊಳ್ಳಲಿ! ಕನ್ನಡದಲ್ಲಿ ಮನೆ, ಗಾಡಿ, ಶೆಡ್ಡು ಎಲ್ಲಾ 'ಅದು'!" ಅವಳ ದನಿ ಒಡೆಯಿತು. ತೀಡಿದ ಕಾಡಿಗೆ ಕರಗತೊಡಗಿತು. "ನಾಲ್ಕು ದಿನ ನಿದ್ದೆ ಮಾಡಿಲ್ಲ ನಾನು. ಟಾರ್ ಕಾಗದದ ಈ ಶೆಡ್ಡಿಗಿರೋ ಸಲಿಗೆ ನನಗಿಲ್ಲ. ನನಗೆ ಬರೀ 'ರೀ', ಬರೀ 'ಅವರು'..."

ಅಂದ ಮೇಲೆ ತಾನು ಏನಂದೆ ಎಂದು ಹೊಳೆಯಿತು. ಓಡಿಹೋಗೋಣವೆಂದರೆ ಕಾರಿನ ಬೀಗದ ಕೈ ಅವನ ಹತ್ತಿರವಿತ್ತು.

ವಿಶ್ರುತ್ ಈಗ ನಗುತ್ತಿರಲಿಲ್ಲ. "ಶೆಡ್ಡಿಗೆ ಏನ್ ಅಂದ್ರೂ ನಡೀತದ. ಅದು ಬ್ಯಾಡ ಅನ್ನೂದಿಲ್ಲ. ನಿಮಗ ಒಮ್ಮೆ 'ನೀ' ಅಂದಮ್ಯಾಲೆ ತಿರುಗಿ 'ರೀ'ಗೆ ಬರ್ಲಿಕ್ಕೆ ಆಗೂದಿಲ್ಲ. ನೀವು ಬ್ಯಾಡ ಅಂದ್ರ ಮರುದಿನ ಕಾರಿನ್ಯಾಗ ಹ್ಯಾಂಗ ಕೂಡೂದು ಅಂತ ಹೆದರಿದ್ದೆ."

"ಮತ್ತೆ ಆರಡಿಯವರು ಬರ್ತಾರೆ ಅಂದಾಗ?"

"ಫೋರ್ಟ್ ಲೀಯಿಂದ ಬರೋ ರಸ್ತೇನs ಅಗದುಬಿಡಬೇಕು ಅನಸ್ತು."

ಮೋಡ ಸರಿದು ಬಿಸಿಲು ಅವಳ ಮುಖಕ್ಕೆ ಬಿತ್ತು. ಅಭ್ಯಾಸಬಲದಿಂದ ಅವನ ಕೈ ಮೇಲೆದ್ದಿತು. ಇಳಿಸಲು ಇಲ್ಲಿ ಬಿಸಿಲುಮರೆ ಇರಲಿಲ್ಲ. ಅಂಗೈಯನ್ನೇ ಅವಳ ಹಣೆಗೆ ಅಡ್ಡ ಹಿಡಿದು ನಿಂತ. ಈ ಸಲ ಅವಳು ಬೇಡವೆನ್ನಲಿಲ್ಲ.

"ನಾಳೆ ಅವರಿಗೆ ಬರಬ್ಯಾಡ ಅಂತ ಹೇಳು, ಕ್ಷಮಾ."

'ರೀ' ಇರಲಿಲ್ಲ. 'ಅವರು' ಇರಲಿಲ್ಲ. ತನ್ನ ಹೆಸರು ಇಷ್ಟು ಚಿಕ್ಕದು, ಇಷ್ಟು ಚೆಂದ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ಹೇಳ್ತೀನಿ. ಆದರೆ ಒಂದು ಷರತ್ತು." ಮೂಗು ಒರೆಸಿಕೊಂಡು ಅವಳು ಕರಿಯ ಶೆಡ್ಡಿನ ಕಡೆ ಗಲ್ಲ ತಿರುಗಿಸಿದಳು. "ಇನ್ಮೇಲೆ ಇದನ್ನ ಏನಂತೀಯಾ?"

ವಿಶ್ರುತ್ ಮರಿಯಾಳನ್ನು ಕೊನೆಯ ಸಲವೆಂಬಂತೆ ನೋಡಿದ.

"ಅದು," ಎಂದ.