ಐವತ್ತೆರಡು ರವಕೆ

ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದ ಗುಣವತಿಗೆ, ಬಾಗಿಲಲ್ಲಿ ನಿಂತ ಗಂಡಸನ್ನು ಬೈಯಲೂ ಆಗಲಿಲ್ಲ.

ಜೆಪ್ಪುವಿನ ಆ ಪುಟ್ಟ ಹೊಲಿಗೆ ಅಂಗಡಿಗೆ ಬರುತ್ತಿದ್ದವರು ಹೆಂಗಸರು ಮಾತ್ರ. ಈತ ಬಿಳಿ ಪಂಚೆ, ಕರಿಯ ಕೋಟು ತೊಟ್ಟು, ಒಳಗೂ ಬರದೆ ಹೊರಗೂ ಹೋಗದೆ ಹೊಸ್ತಿಲಲ್ಲೇ ನಿಂತಿದ್ದ.

ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದಳು. "ಎಂತ ಬೇಕು? ಗಂಡಸರ ಅಂಗಿ ಇಲ್ಲಿ ಹೊಲಿಯುವುದಿಲ್ಲ."

"ಅಂಗಿ ಬೇಡ. ನಾನು ಮೋಹನದಾಸ. ಬಲ್ಮಠದ ಶಾಲೆಯಲ್ಲಿ ಗಣಿತದ ಮಾಸ್ಟ್ರು. ನಿಮ್ಮ ಮಾವ ಕಳಿಸಿದ್ದು."

ಮಾವ... ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

ಅದು ಸಾವಿರದ ಒಂಬೈನೂರ ಮೂವತ್ತನಾಲ್ಕು. ಗುಣವತಿಯವರದು ಅಳಿಯಸಂತಾನದ ಮನೆ. ಆಸ್ತಿ ಹೆಣ್ಣುಮಕ್ಕಳ ಕಡೆಯಿಂದ ಇಳಿದು ಬಂದರೂ ಯಜಮಾನಿಕೆ ಅಮ್ಮನ ಅಣ್ಣ ಮಹಾಬಲ ಶೆಟ್ಟರದು. ಅವರ ಹೆಂಡತಿ ಮಕ್ಕಳು ಪದ್ಧತಿಯಂತೆ ತಮ್ಮ ತಾಯಿಮನೆಯಲ್ಲೇ ಇದ್ದರು. ಹಾಗಾಗಿ ಕೊಟ್ಟಾರದ ದೊಡ್ಡ ಮನೆಯ ಅಡುಗೆ, ದನದ ಹಟ್ಟಿ, ಆಳುಗಳ ಗಂಜಿ ಎಲ್ಲವೂ ಗುಣವತಿ ಮತ್ತು ಅಮ್ಮನ ತಲೆಯ ಮೇಲೆ.

ಒಂದು ವರ್ಷದ ಹಿಂದೆ ಅವಳು ಹಟ ಹಿಡಿದು ಅಮ್ಮನೊಂದಿಗೆ ಜೆಪ್ಪುವಿಗೆ ಬಂದಿದ್ದಳು. ಫ್ಲಾವಿಯಾ ಬಾಯಿಯ ಮನೆಯಲ್ಲಿ ಬೀದಿ ಬದಿಯ ಕೋಣೆ ಹಿಡಿದು, ಬಾಡಿಗೆಗೆ ಹೊಲಿಗೆ ಮೆಷಿನು ತಂದಿದ್ದಳು. ಅಕ್ಕಿ ಮಾತ್ರ ಕೊಟ್ಟಾರದಿಂದ ಬರುತ್ತಿತ್ತು.

ಅಂದು ಮಾವ ಹೇಳಿದ್ದು ಒಂದೇ ಮಾತು. "ಒಂದು ವರ್ಷ ನೋಡ್ತೇನೆ. ನಷ್ಟ ಅಂತ ಕಂಡ್ರೆ ಬೀಗ ಹಾಕಿ ಮನೆಗೆ ಬರಬೇಕು."

ಆ ವರ್ಷ ಈಗ ಮುಗಿದಿತ್ತು. ಲಾಭ ನಷ್ಟ ನೋಡಿ ಬರೆದುಕೊಡಲು ಬಂದವನು ಈ ಮಾಸ್ಟ್ರು.

'ಇವನ ಒಂದು ಕಾಗದ... ನನ್ನ ಬದುಕು ಅಷ್ಟೇ,' ಎಂದುಕೊಂಡಳು.

ಒಂದೇ ದಿನದಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಮೋಹನದಾಸ ಐದು ಶನಿವಾರ ಬಂದ. ತಿಂಗಳಿಗೆ ಎಷ್ಟು ರವಕೆ, ಒಂದು ದಾರದ ಉಂಡೆಗೆ ಎಷ್ಟು ಹೊಲಿಗೆ, ಮಳೆಗಾಲದಲ್ಲಿ ಎಷ್ಟು ಕಡಿಮೆ... ಎಲ್ಲವನ್ನೂ ಕೇಳಿದ. ಅವಳು ಉತ್ತರಿಸುವಾಗ ತಲೆ ತಗ್ಗಿಸಿ ಬರೆಯುತ್ತಿದ್ದ. ಉತ್ತರಿಸದೆ ಹೊಲಿಯುವಾಗ ಮಾತ್ರ ತಲೆ ಎತ್ತಿ ನೋಡುತ್ತಿದ್ದ.

ಫ್ಲಾವಿಯಾ ಬಾಯಿಗೆ ಇದೆಲ್ಲ ಬೇಗ ಅರ್ಥವಾಯಿತು.

"ಐದು ಶನಿವಾರ ಬೇಕಾ ಮಾಸ್ಟ್ರೇ? ನನ್ನ ಮಗ ವಾಲ್ಟರ್ ಇಡೀ ಹಂಚಿನ ಕಾರ್ಖಾನೆಯ ಲೆಕ್ಕ ಒಂದು ದಿವಸದಲ್ಲಿ ಮುಗಿಸ್ತಾನೆ."

"ಹಂಚು ಮಾತಾಡುವುದಿಲ್ಲವಲ್ಲ ಬಾಯಿ. ಅದಕ್ಕೆ ಬೇಗ ಮುಗೀತದೆ."

"ಇವಳು ಎಂತ ಮಾತಾಡ್ತಾಳೆ ಮಾರಾಯ್ರೇ? ನಾನು ಕೇಳಿದ್ರೆ ಹೂಂ, ಊಹೂಂ ಅಷ್ಟೇ."

ಗುಣವತಿ ಮೆಷಿನಿನ ಮೇಲೆ ಬಗ್ಗಿದಳು. ನಗು ಬಂದಿತ್ತು, ಕಾಣಬಾರದೆಂದು.

ಐದನೆಯ ಶನಿವಾರ ಅವನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದ.

"ಇದು ಖರ್ಚಿನ ಗೆರೆ. ಇದು ಸೊನ್ನೆಯಿಂದ ಹೊರಡುವುದಿಲ್ಲ. ಒಂದೂ ರವಕೆ ಹೊಲಿಯದಿದ್ರೂ ಕೋಣೆಗೆ ನಾಲ್ಕು, ಮೆಷಿನಿಗೆ ನಾಲ್ಕು, ಒಟ್ಟು ಎಂಟು ರೂಪಾಯಿ ಕೊಡಲೇಬೇಕು. ಅಲ್ಲಿಂದ ರವಕೆಗೆ ಒಂದಾಣೆಯ ಹಾಗೆ ಏರ್ತದೆ. ದಾರ, ಹುಕ್ಕು."

"ಮತ್ತೆ ಇದು?"

"ನಿಮಗೆ ಬರುವ ಹಣ. ಇದು ಸೊನ್ನೆಯಿಂದಲೇ ಹೊರಡ್ತದೆ. ಆದ್ರೆ ರವಕೆಗೆ ಐದಾಣೆಯ ಹಾಗೆ ಏರ್ತದೆ."

"ಹಾಗಾದ್ರೆ ಕೆಳಗಿನದ್ದು ಓಡಿ ಬಂದು ಮೇಲಿನದ್ದನ್ನು ಹಿಡೀತದೆ."

"ಎಷ್ಟನೆಯ ರವಕೆಗೆ? ನೀವೇ ಹೇಳಿ."

ಅವಳು ಬೆರಳು ಮಡಚಿದಳು. ರವಕೆಗೆ ಉಳಿಯುವುದು ನಾಲ್ಕಾಣೆ. ನಾಲ್ಕು ರವಕೆಗೆ ಒಂದು ರೂಪಾಯಿ. ಎಂಟು ರೂಪಾಯಿಗೆ...

"ಮೂವತ್ತೆರಡು. ನಾನು ಹೊಲಿಯುವುದು ಐವತ್ತು. ಅಂದ್ರೆ ನಾಲ್ಕೂವರೆ ರೂಪಾಯಿ ಉಳೀತದೆ."

"ನನ್ನ ತರಗತಿಯಲ್ಲಿ ಇಷ್ಟು ಬೇಗ ಯಾರೂ ಹೇಳುವುದಿಲ್ಲ," ಎಂದ ಅವನು.

ಯಾರಾದರೂ ತನ್ನನ್ನು ಹೊಗಳಿ ಎಷ್ಟು ಕಾಲವಾಗಿತ್ತು... ಅವಳಿಗೆ ನೆನಪಾಗಲಿಲ್ಲ. ಅವನು ಹೋದ ಮೇಲೂ ಆ ಗೆರೆಗಳನ್ನು ಅವಳು ಒರೆಸಲಿಲ್ಲ. ಎರಡು ದಿನ ನೆಲದ ಮೇಲೆ ಬಟ್ಟೆ ಹಾಸಿ ಕತ್ತರಿಸಿದಳು.

ಮುಂದಿನ ವಾರ ಮಹಾಬಲ ಶೆಟ್ಟರು ಎತ್ತಿನ ಗಾಡಿ ತಂದು ಅಂಗಡಿಯ ಮುಂದೆ ನಿಲ್ಲಿಸಿದರು.

"ಮಾಸ್ಟ್ರು ಬರೆದು ಕೊಟ್ಟಿದ್ದಾರೆ. ತಿಂಗಳಿಗೆ ಮೂರೂವರೆ ರೂಪಾಯಿ ನಷ್ಟ ಅಂತ. ಸಾಮಾನು ಕಟ್ಟು."

"ನಷ್ಟವಾ? ಇಲ್ಲ ಮಾವ, ಅವರೇ ನನಗೆ..."

"ಕಲಿತವರು ಬರೆದದ್ದು. ನಿನ್ನ ಬಾಯಿಲೆಕ್ಕ ನನಗೆ ಬೇಡ."

ಅವಳು ಮಾವನ ಮುಂದೆ ಕಾಗದ ತೋರಿಸಿ ಎಂದು ಕೇಳಲಿಲ್ಲ. ಆ ಮನೆಯಲ್ಲಿ ಹೆಂಗಸರು ಹಾಗೆ ಕೇಳುವ ಕ್ರಮ ಇರಲಿಲ್ಲ.

ಗಾಡಿಗೆ ಅಮ್ಮನನ್ನು ಹತ್ತಿಸುವಾಗ ಮೋಹನದಾಸ ಓಡಿ ಬಂದ. ಶನಿವಾರವಲ್ಲ. ಯಾರೋ ಸುದ್ದಿ ಹೇಳಿರಬೇಕು.

"ನಷ್ಟ ಅಂತ ಬರೆದದ್ದು ನೀವೇ ಅಲ್ವಾ?" ಎಂದಳು ಅವಳು.

"ಹೌದು, ಆದ್ರೆ ಆ ಕಾಗದದಲ್ಲಿ..."

"ಸಾಕು ಮಾಸ್ಟ್ರೇ. ನನ್ನ ಎದುರು ಒಂದು ಲೆಕ್ಕ, ಮಾವನ ಎದುರು ಇನ್ನೊಂದು. ಅದಕ್ಕೆ ಅವರು ನಿಮಗೆ ಎಷ್ಟು ಕೊಟ್ರು?"

ಗಾಡಿ ಹೊರಟಿತು. ತಿರುಗಿ ನೋಡಬಾರದೆಂದು ಅವಳು ಅಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅನಂತರ ನಾಲ್ಕು ವರ್ಷ.

ಕೊಟ್ಟಾರದಲ್ಲಿ ಕೋಳಿ ಕೂಗುವ ಮೊದಲು ಒಲೆ ಉರಿಯಬೇಕು. ಆಳುಗಳಿಗೆ ಗಂಜಿ, ಮಾವನಿಗೆ ಕಾಫಿ, ಹಟ್ಟಿ, ಬಾವಿ, ಮತ್ತೆ ಒಲೆ. ಊಟ ರುಚಿಯಾದರೆ ಯಾರೂ ಏನೂ ಹೇಳುತ್ತಿರಲಿಲ್ಲ. ಉಪ್ಪು ಹೆಚ್ಚಾದ ದಿನ ಎಲ್ಲರೂ ಹೇಳುತ್ತಿದ್ದರು. ಮೂರನೆಯ ವರ್ಷ ಅಮ್ಮ ಜ್ವರದಲ್ಲಿ ಹೋದಳು. ಕೊನೆಯ ದಿನಗಳಲ್ಲಿ "ಜೆಪ್ಪುವಿಗೆ ಯಾವಾಗ ಹೋಗುವುದು ಮಗಾ?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಗುಣವತಿ ಹತ್ತು ಸಲವೂ "ನಾಳೆ ಅಮ್ಮ" ಎನ್ನುತ್ತಿದ್ದಳು.

ಮರುವರ್ಷ ಮಾವನೂ ತೀರಿಹೋದರು. ಯಜಮಾನಿಕೆ ದೊಡ್ಡಮ್ಮನ ಮಗನಿಗೆ ಬಂತು. "ಮಾವನ ಪೆಟ್ಟಿಗೆ ಒಮ್ಮೆ ನೋಡು ಅಕ್ಕ, ಬೇಡದ್ದನ್ನು ಸುಡುವ," ಎಂದ ಅವನು.

ಗೇಣಿ ಚೀಟಿಗಳ ನಡುವೆ ಮಡಚಿದ ಒಂದು ಹಾಳೆ. ಆ ಅಕ್ಷರ ಅವಳಿಗೆ ಗೊತ್ತಿತ್ತು.

'ತಿಂಗಳ ರವಕೆಗಳ ಸಂಖ್ಯೆ ಎಕ್ಸ್ ಎಂದಿರಲಿ. ಎಷ್ಟು ಹೊಲಿದರೂ ಬದಲಾಗದ ಖರ್ಚು: ಕೋಣೆ ನಾಲ್ಕು ರೂಪಾಯಿ. ಮೆಷಿನು ನಾಲ್ಕು ರೂಪಾಯಿ. ಹೊಲಿಯುವವರ ಸಂಬಳ ಎಂಟು ರೂಪಾಯಿ.'

ಅವಳು ಆ ಸಾಲನ್ನು ಮತ್ತೆ ಓದಿದಳು. ಹೊಲಿಯುವವರ ಸಂಬಳ... ಹೊಲಿಯುವವಳು ತಾನು.

ಹದಿನಾರು ರೂಪಾಯಿಗೆ ಅರವತ್ತನಾಲ್ಕು ರವಕೆ ಬೇಕು. ಐವತ್ತಕ್ಕೆ ನಿಂತರೆ ಮೂರೂವರೆ ರೂಪಾಯಿ ನಷ್ಟ. ಹಾಳೆಯ ಈ ಬದಿ ಅಲ್ಲಿಗೆ ಮುಗಿದಿತ್ತು. ಅವಳು ಹಾಳೆ ತಿರುಗಿಸಿದಳು.

'ಹೊಲಿಗೆಯ ದರವನ್ನು ಒಂದಾಣೆ ಏರಿಸಿದರೆ ಐವತ್ತೆರಡು ರವಕೆಗೆ ಅಂಗಡಿ ತನ್ನ ಖರ್ಚನ್ನೂ ಹೊಲಿಯುವವರ ಸಂಬಳವನ್ನೂ ತಾನೇ ಹೊರುತ್ತದೆ. ಬೇಕಾಗಿರುವುದು ಇನ್ನು ಎರಡೇ ರವಕೆ. ಈ ಅಂಗಡಿಯನ್ನು ಮುಚ್ಚಬಾರದು.' ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಿತ್ತು.

ಮಾವ ಮೋಸ ಮಾಡಿರಲಿಲ್ಲ. ನಷ್ಟ ಎಂಬ ಶಬ್ದ ಕಂಡ ಮೇಲೆ ಹಾಳೆ ತಿರುಗಿಸುವ ಅಗತ್ಯ ಅವರಿಗೆ ಕಂಡಿರಲಿಲ್ಲ, ಅಷ್ಟೇ.

ಎರಡು ರವಕೆ... ಅವಳು ಪೆಟ್ಟಿಗೆಯ ಮುಂದೆ ಕುಳಿತು ಅತ್ತಳು. ಅಮ್ಮನಿಗಾಗಿ ಅತ್ತಳು, ನಾಲ್ಕು ವರ್ಷಕ್ಕಾಗಿ ಅತ್ತಳು, ತನ್ನ ನಾಲಿಗೆಗಾಗಿ ಅತ್ತಳು.

ಮರುದಿನ ಮಧ್ಯಾಹ್ನ ಬಲ್ಮಠದಲ್ಲಿ ಅವನ ಬಾಡಿಗೆ ಮನೆಯ ಜಗಲಿ ಹತ್ತಿದಳು. ಎದುರು ಮನೆಯ ಹೆಂಗಸು ಕಿಟಕಿಗೆ ಬಂದು ನಿಂತಳು. 'ನೋಡಲಿ,' ಎಂದುಕೊಂಡಳು ಗುಣವತಿ.

ಮೋಹನದಾಸ ಬಾಗಿಲಿಗೆ ಬಂದ. ಕಿವಿಯ ಬಳಿ ಕೂದಲು ನರೆತಿತ್ತು. ಅವಳ ಕೈಯ ಹಾಳೆಯನ್ನು ನೋಡಿ ಹೊಸ್ತಿಲಲ್ಲೇ ನಿಂತ.

"ನಿನ್ನೆ ಓದಿದೆ," ಎಂದಳು ಅವಳು. "ಎರಡೂ ಬದಿ."

"ಅದನ್ನು ಮೊದಲು ನಿಮಗೆ ತೋರಿಸಬೇಕಿತ್ತು. ಕೇಳಿದವರು ಅವರು ಅಂತ ಅವರ ಕೈಗೆ ಕೊಟ್ಟೆ. ತಪ್ಪು ನನ್ನದೇ."

"ಆ ಎಂಟು ರೂಪಾಯಿ ಬರೆಯದಿದ್ರೆ ಲಾಭ ಅಂತಲೇ ಕಾಣ್ತಿತ್ತು ಮಾಸ್ಟ್ರೇ."

"ಕಾಣ್ತಿತ್ತು." ಅವನು ತಲೆ ತಗ್ಗಿಸಿದ. "ಐದು ಶನಿವಾರ ನಿಮ್ಮನ್ನು ನೋಡಿದ್ದೇನೆ. ಆ ಕೆಲಸವನ್ನು ಸೊನ್ನೆ ಅಂತ ಬರೀಲಿಕ್ಕೆ ನನ್ನ ಕೈ ಬರ್ಲಿಲ್ಲ."

"ಮತ್ತೆ ಯಾಕೆ ಬರ್ಲಿಲ್ಲ ನೀವು?"

"ಎರಡು ಸಲ ಬಂದೆ ಕೊಟ್ಟಾರಕ್ಕೆ. ಮುಖ ನೋಡಲಿಕ್ಕೆ ಇಷ್ಟ ಇಲ್ಲ ಅಂತ ಒಳಗಿಂದ ಕೇಳಿತು. ನಿಮ್ಮದೇ ಧ್ವನಿ."

ಅವಳದೇ ಧ್ವನಿ. ಸುಳ್ಳಲ್ಲ. ಅವಳು ಜಗಲಿಯ ಕಂಬಕ್ಕೆ ಒರಗಿದಳು.

"ಅಮ್ಮ ಹೋದಳು," ಎಂದಳು.

"ಗೊತ್ತಾಯ್ತು. ದೂರದಲ್ಲಿ ನಿಂತಿದ್ದೆ ಆವತ್ತು."

ಎದುರು ಕಿಟಕಿಯ ಹೆಂಗಸು ಬೇಸತ್ತು ಒಳಗೆ ಹೋದಳು.

"ಮದುವೆ?" ಎಂದಳು, ನೆಲ ನೋಡುತ್ತ.

"ಮನಸ್ಸು ಆ ಅಂಗಡಿಯಲ್ಲೇ ಉಳಿದಿತ್ತು ಗುಣವತಿ. ಇನ್ನೊಬ್ಬರಿಗೆ ಎಂತ ಕೊಡುವುದು?"

ಅವನು ಮೊದಲ ಬಾರಿಗೆ ಅವಳ ಹೆಸರು ಹಿಡಿದು ಕರೆದಿದ್ದ. ಕಣ್ಣೊರೆಸಿಕೊಂಡು ಅವಳು ಕೇಳಿದ್ದು ಬೇರೆಯೇ.

"ಊಟ ಆಯ್ತಾ ನಿಮ್ಮದು?"

"ಇಲ್ಲ. ನಿಮ್ಮದು?"

"ಇಲ್ಲ... ಆದ್ರೆ ಇವತ್ತು ನನಗೆ ಒಲೆಯ ಹತ್ತಿರ ಹೋಗಲಿಕ್ಕೆ ಆಗುವುದಿಲ್ಲ."

"ನಾನು ಮಾಡ್ತೇನೆ. ಗಂಜಿ ಬಿಟ್ಟು ಬೇರೆ ಬರುವುದಿಲ್ಲ ನನಗೆ."

ಅವನು ಗಂಜಿ ತಂದು ಅವಳ ಮುಂದಿಟ್ಟು ಎದುರು ಕುಳಿತ. ನಾಲ್ಕು ವರ್ಷದಲ್ಲಿ ಅವಳಿಗೆ ಯಾರೂ ಬಡಿಸಿರಲಿಲ್ಲ. ಒಂದು ತುತ್ತು ಬಾಯಿಗಿಟ್ಟು ಅವಳು ನಿಲ್ಲಿಸಿದಳು. ಕಣ್ಣೀರು ಗಂಜಿಗೇ ಬಿತ್ತು.

"ಎಂತ ಆಯ್ತು? ಚೆನ್ನಾಗಿಲ್ವಾ?"

"ಅಡಿ ಹಿಡಿದಿದೆ," ಎಂದಳು ಅವಳು.

"ಬೇರೆ ಮಾಡಲಾ?"

"ಬೇಡ. ನೀವೂ ಹಾಕಿಕೊಳ್ಳಿ... ಒಟ್ಟಿಗೆ ಉಣ್ಣುವ."